ಬ್ಯಾಗು ಇಳಿಸಿದ ಮೇಲೆ

ವಿದೇಶ ಪ್ರವಾಸ ಎಲ್ಲಿ ಮುಗಿಯುತ್ತದೆ ಎಂದರೆ ತಿಳಿದವರು ಕೆಂಪೇಗೌಡ ವಿಮಾನ ನಿಲ್ದಾಣ ಎನ್ನುತ್ತಾರೆ. ನಮ್ಮೂರು ಸಾಲಿಗ್ರಾಮದವರ ಲೆಕ್ಕ ಬೇರೆ. ಇಮಿಗ್ರೇಶನ್ ಅಧಿಕಾರಿ ಮುದ್ರೆ ಒತ್ತಿ ಒಳಗೆ ಬಿಟ್ಟ ಮಾತ್ರಕ್ಕೆ ಆಯಿತೆ? ಬಸ್ ಸ್ಟ್ಯಾಂಡಿನ ಟೀ ಅಂಗಡಿ ಬೆಂಚಿನ ಮೇಲೆ ಕೂತವರು ವಿಚಾರಣೆ ಮುಗಿಸಿ "ಹೋಗ್ಲಾ, ಮಲಿಕ್ಕೋ ಹೋಗು" ಎಂದ ಮೇಲೇ ಹೋದವನು ಊರಿಗೆ ಬಂದಂತೆ.

ಈಚೆಗೆ ನಮ್ಮ ಹುಡುಗನೊಬ್ಬ ಬೆನ್ನಿಗೆ ಆಳೆತ್ತರದ ಬ್ಯಾಗು ಕಟ್ಟಿಕೊಂಡು ಥಾಯ್ಲೆಂಡ್, ವಿಯೆಟ್ನಾಂ, ಬಾಲಿ ಸುತ್ತಿ ಬಂದ. ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಕ್ಕೆ ರಾಜೀನಾಮೆ ಬಿಸಾಕಿ ಹೋಗಿದ್ದ. ಯಾಕೆ ಹೋಗಿದ್ದೆ ಎಂದರೆ, "ನನ್ನನ್ನ ನಾನು ಹುಡುಕಿಕೊಳ್ಳೋಕೆ" ಅಂದ. ಬೆಂಚಿನ ಮೇಲಿದ್ದ ದೊಡ್ಡಪ್ಪನಿಗೆ ಗಾಬರಿಯಾಯಿತು.

"ಯಾವಾಗ್ಲಾ ಕಳೆದೋಗಿದ್ದೆ? ನಿಮ್ಮಪ್ಪ ಒಂದ್ ಮಾತೂ ಹೇಳ್ನಿಲ್ವಲ್ಲ!"

ಅಲ್ಲಿಂದ ಶುರುವಾಯಿತು. ಒಟ್ಟು ಎಷ್ಟಾಯ್ತು? ಎರಡು ಲಕ್ಷ. ಎರಡು ಸೀಮೆ ಹಸ ಬತ್ತಿದ್ವಲ್ಲೋ! ಮುದ್ದೆ ಸಿಕ್ತಾ? ಅಲ್ಲಿ ಭತ್ತಕ್ಕೆ ಏನ್ ರೇಟದೆ? ಕೆಲ್ಸ ಬುಟ್ಟವ್ನಿಗೆ ಹೆಣ್ಣ್ ಕೊಡೋರ್ಯಾರು? ಪಾಪ, ಅವನು ಜ್ವಾಲಾಮುಖಿಯ ನೆತ್ತಿಯ ಮೇಲೆ ಕಂಡ ಸೂರ್ಯೋದಯದ ಬಗ್ಗೆ ಹೇಳಲು ಬಾಯಿ ತೆರೆದವನು ತೆರೆದ ಬಾಯಿಗೆ ಬನ್ನು ತುರುಕಿಕೊಂಡ. ಕಣ್ಣು ತೆರೆಸಿದ ಪ್ರವಾಸದ ವಿಷಯ ಮಾತನಾಡಲು ಬಂದವನಿಗೆ ಊರು ಹಸುವಿನ ಲೆಕ್ಕ ಹಾಕಿಕೊಟ್ಟರೆ ಬೇಜಾರಾಗದೆ ಇರುತ್ತದೆಯೆ?

ಆದರೂ ಬಿಡದೆ ಮೊಬೈಲು ತೆಗೆದು ಫೋಟೊ ತೋರಿಸಿದ. ಬಾಲಿಯ ಉಬುದ್ ಹತ್ತಿರ ತೆಗಲ್ಲಾಲಂಗ್ ಎಂಬ ಊರಂತೆ. ಬೆಟ್ಟದ ಮಗ್ಗುಲಿಗೆ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ. ಬಾಲಿ ಇರುವ ಇಂಡೊನೇಷ್ಯಾಕ್ಕೆ ಕಾಲಿಡಲು ವೀಸಾಕ್ಕೆ 5,00,000 ರುಪಿಯಾ. 2024ರ ಫೆಬ್ರವರಿಯಿಂದ ಬಾಲಿಗೆ ಬರುವ ವಿದೇಶಿ ಪ್ರವಾಸಿಗೆ ಇನ್ನೂ 1,50,000. ಲಕ್ಷ ಎಂದು ಹೆದರಬೇಡಿ, ನಮ್ಮ ದುಡ್ಡಿನಲ್ಲಿ ಎಲ್ಲ ಸೇರಿ ಮೂರು ಸಾವಿರ ಚಿಲ್ಲರೆ. ಆಮೇಲೆ ಗದ್ದೆಗೆ ಇಳಿಯಲು ಬೇರೆ ಟಿಕೆಟ್, ಗದ್ದೆಯ ಮೇಲೆ ಜೋಕಾಲಿ ಆಡಲು ಇನ್ನೊಂದು. ಜೋಕಾಲಿ ಮೇಲೆ ಕೂತ ಹೆಣ್ಣುಮಕ್ಕಳ ಹಿಂದೆ ಮಾರುದ್ದದ ಸೆರಗು ಗಾಳಿಗೆ ಹಾರುತ್ತಿತ್ತು. ಅದೂ ಬಾಡಿಗೆಯದೇ. ಭತ್ತದ ಕಣಜ ಎನ್ನಿಸಿಕೊಂಡ ಕೃಷ್ಣರಾಜನಗರ ಸೀಮೆಯಲ್ಲಿ ಹುಟ್ಟಿ, ನಾಟಿಗೆ ಬಾ ಎಂದರೆ ಬೆನ್ನುನೋವು ಎನ್ನುತ್ತಿದ್ದವನು ಟಿಕೆಟ್ ಕೊಂಡು ಗದ್ದೆ ನೋಡಿ ಬಂದಿದ್ದಾನೆ ಎಂದು ಬೆಂಚು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ದೊಡ್ಡಪ್ಪ ಮಾತ್ರ ನಗಲಿಲ್ಲ. ಕನ್ನಡಕ ಏರಿಸಿ ಫೋಟೊವನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ ನೋಡಿದ. ಬದು ನೋಡಿದ, ಮೇಲಿನ ಪಾತಿಯಿಂದ ಕೆಳಗಿನದಕ್ಕೆ ನೀರು ಬೀಳುವ ಕಂಡಿ ನೋಡಿದ.

"ಇಲ್ಲಿ ನೀರ್ ಬುಡೋನು ಯಾರ್ಲಾ? ಕೊನೆ ಗದ್ದೇವ್ನಿಗೂ ಸಿಗ್ತದಾ?"

ಹುಡುಗನಿಗೆ ಗೊತ್ತಿರಲಿಲ್ಲ. ಇಡೀ ಜಗತ್ತು ಬಾಲಿಗೆ ಹೋಗಿ ಕೇಳಬೇಕಾದ ಪ್ರಶ್ನೆ ಅದೇ. ಅಲ್ಲಿ ಸುಬಕ್ ಎಂಬ ರೈತರ ಕೂಟಗಳು ನೂರಾರು ವರ್ಷಗಳಿಂದ ನಡೆದುಕೊಂಡು ಬಂದಿವೆ. ಯಾರ ಗದ್ದೆಗೆ ಯಾವಾಗ ನೀರು ಎಂಬುದನ್ನು ನೀರಿನ ದೇವಸ್ಥಾನಗಳ ಸುತ್ತ ಸೇರಿ ಅವರೇ ತೀರ್ಮಾನಿಸಿಕೊಳ್ಳುತ್ತಾರೆ. ಯುನೆಸ್ಕೊ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಆ ವ್ಯವಸ್ಥೆಯನ್ನು, ಜೋಕಾಲಿಯನ್ನಲ್ಲ. ನಮ್ಮಲ್ಲಿ ನೀರಿಗೆ ಇಂಜಿನಿಯರು, ಶಾಸಕರು, ಮಂತ್ರಿಗಳು ಎಲ್ಲ ಇದ್ದಾರೆ. ನಾಲೆಯ ಕೊನೆಯವನಿಗೆ ಮಾತ್ರ ನೀರಿಲ್ಲ. ಎರಡು ಲಕ್ಷ ಸುರಿದು ಬಂದವನು ಈ ಒಂದು ಗುಟ್ಟು ಕೇಳಿಕೊಂಡು ಬಂದಿದ್ದರೆ ಹಸುವಿನ ದುಡ್ಡು ಹುಟ್ಟುತ್ತಿತ್ತು. ಅವನು ತನ್ನನ್ನು ತಾನು ಹುಡುಕುವ ಗಡಿಬಿಡಿಯಲ್ಲಿದ್ದ, ಅಕ್ಕಪಕ್ಕ ನೋಡಲು ಪುರಸೊತ್ತಾಗಿಲ್ಲ.

ಹೊರಗಿನಿಂದ ಬಂದವರ ಮಾತನ್ನು ಸಾಲಿಗ್ರಾಮ ಹಾಗೆ ಸಲೀಸಾಗಿ ಕೇಳುವ ಊರೂ ಅಲ್ಲ. ಚೋಳರಾಜನ ಕಾಟ ತಾಳಲಾರದೆ ರಾಮಾನುಜರು ಈ ಕಡೆ ಬಂದಾಗ ಊರಿನವರು ಕ್ಯಾರೆ ಅನ್ನಲಿಲ್ಲವಂತೆ. ಕೊನೆಗೆ ಅವರು ಶಿಷ್ಯ ಮುದಲಿಯಾಂಡಾನ್ ಪಾದವನ್ನು ಊರ ಕೊಳದಲ್ಲಿ ಅದ್ದಿಸಿದರಂತೆ. ಆ ನೀರು ಕುಡಿದ ಮೇಲೇ ಜನರ ಮನಸ್ಸು ತಿರುಗಿದ್ದಂತೆ. ಶ್ರೀಪಾದತೀರ್ಥದ ಕತೆ ಇದು. ಜಗತ್ತು ಬಲ್ಲ ಆಚಾರ್ಯರೇ ಅಷ್ಟು ಉಪಾಯ ಮಾಡಬೇಕಾದ ಊರಿನಲ್ಲಿ ಮೂರು ದೇಶ ನೋಡಿದ ಹುಡುಗ ಇನ್‌ಸ್ಟಾಗ್ರಾಂ ರೀಲ್ಸಿನಿಂದ ಮನಪರಿವರ್ತನೆ ಮಾಡಲು ಹೊರಟಿದ್ದ. ಅವನ ಟ್ರೆಕ್ಕಿಂಗ್ ಬೂಟು ಅದ್ದಿದ ನೀರು ಕುಡಿಯಲು ಯಾರೂ ತಯಾರಿರಲಿಲ್ಲ.

ಅವನ ಸಾಧನೆಗಳ ಪಟ್ಟಿಯನ್ನಂತೂ ಕೇಳಲೇಬೇಕು. ಒಂದು ಕೋಣೆಯಲ್ಲಿ ಎಂಟು ಜನರಲ್ಲಿ ಒಬ್ಬನಾಗಿ ಮಲಗಿದನಂತೆ. ತಾನೇ ಅನ್ನ ಬೇಯಿಸಿಕೊಂಡನಂತೆ. ಭಾಷೆ ಬಾರದ ಸಂತೆಯಲ್ಲಿ ಕೈಸನ್ನೆಯಲ್ಲೇ ಚೌಕಾಸಿ ಮಾಡಿದನಂತೆ. ಹೀಗೆ ಮಾಡಿದರೆ ಮನುಷ್ಯ ಬೆಳೆಯುತ್ತಾನೆ ಎಂದ.

ಹಾಗಿದ್ದರೆ ಪಕ್ಕದ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಜನ ಈ ಹೊತ್ತಿಗೆ ಆಕಾಶಕ್ಕೆ ಬೆಳೆದಿರಬೇಕಿತ್ತು. ಅಲ್ಲಿನ ಹಕ್ಕಿಪಿಕ್ಕಿ ಬುಡಕಟ್ಟಿನವರು ತಲೆತಲಾಂತರದಿಂದ ಕಾಡು ನಂಬಿದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆ ಅಪರಾಧವಾಯಿತು. ಮಣಿಸರ, ಪ್ಲಾಸ್ಟಿಕ್ ಹೂವು, ಗಿಡಮೂಲಿಕೆ ಎಣ್ಣೆ ಹೊತ್ತು ಮೊದಲು ಊರೂರು ಸುತ್ತಿದರು; ಆಮೇಲೆ ದೇಶ ದೇಶ, ಆಫ್ರಿಕಾದವರೆಗೂ. ಮನೆಯೊಳಗೆ ವಾಗ್ರಿ ಮಾತು, ಬೀದಿಯಲ್ಲಿ ಕನ್ನಡ, ಮಿಕ್ಕದ್ದು ಗಿರಾಕಿ ಯಾವ ಭಾಷೆಯವನೋ ಅದು. ಬೆನ್ನಿಗೆ ಚೀಲ, ಒಂದೇ ಕೋಣೆಯಲ್ಲಿ ಹತ್ತು ಜನ, ಸ್ವಂತ ಅಡುಗೆ. ಹುಡುಗ ಮಾಡಿದರೆ ಇದು ಅನುಭವ, ಅವರು ಮಾಡಿದರೆ ಹೊಟ್ಟೆಪಾಡು. ಅವನು ರಾಜೀನಾಮೆ ಕೊಟ್ಟು ಹೋದ, ಅವರು ಬಡ್ಡಿಗೆ ಸಾಲ ತಂದು ಹೋದರು. ಅವನಿಗೆ ಫಾಲೋವರ್‌ಗಳು, ಅವರ ಹಿಂದೆ ಸಾಲ ಕೊಟ್ಟವರು.

ಅವರ ಪ್ರವಾಸ ಮುಗಿದ ಬಗೆಯನ್ನು ನಾವೆಲ್ಲ ಒಮ್ಮೆ ಟೀವಿಯಲ್ಲಿ ನೋಡಿದ್ದೇವೆ, ನೆನಪಿದ್ದರೆ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಯುದ್ಧ ಹತ್ತಿಕೊಂಡಿತು. ಎಣ್ಣೆ ಮಾರಲು ಹೋದ ಕರ್ನಾಟಕದ ಹಕ್ಕಿಪಿಕ್ಕಿಗಳು ಗುಂಡಿನ ಸದ್ದಿನ ನಡುವೆ ಬಾಡಿಗೆ ಕೋಣೆಗಳಲ್ಲಿ ಸಿಕ್ಕಿಕೊಂಡರು. ಇಲ್ಲಿ ಚುನಾವಣೆಯ ಕಾವು. ಸಿದ್ದರಾಮಯ್ಯ ಟ್ವೀಟ್ ಮಾಡಿದರು, ವಿದೇಶಾಂಗ ಸಚಿವ ಜೈಶಂಕರ್ ಖಾರವಾಗಿ ತಿರುಗೇಟು ಕೊಟ್ಟರು; ಅಲ್ಲಿ ಕುಡಿಯುವ ನೀರಿಗೆ ತತ್ವಾರ, ಇಲ್ಲಿ ಟ್ವೀಟಿಗೆ ಟ್ವೀಟು. ಕೊನೆಗೆ ಕೇಂದ್ರ ಸರ್ಕಾರದ ಕಾರ್ಯಾಚರಣೆ ಹೊರಟಿತು, ಹೆಸರು ಆಪರೇಷನ್ ಕಾವೇರಿ. ಚುಂಚನಕಟ್ಟೆಯಲ್ಲಿ ಧುಮುಕಿಯೂ ನಮ್ಮ ಕೊನೆ ಗದ್ದೆಗೆ ತಲುಪದ ಕಾವೇರಿ ಸುಡಾನನ್ನು ತಲುಪಿತು. ಪೋರ್ಟ್ ಸುಡಾನ್‌ವರೆಗೆ ಬಸ್ಸು, ಅಲ್ಲಿಂದ ಜೆಡ್ಡಾಕ್ಕೆ, ಅಲ್ಲಿಂದ ಭಾರತಕ್ಕೆ ವಿಮಾನ. ಜೀವ ಹಿಡಿದುಕೊಂಡು ಬೆಂಗಳೂರಿನಲ್ಲಿ ಇಳಿದರೆ, ಹಳದಿ ಜ್ವರದ ಲಸಿಕೆಯ ಚೀಟಿ ಎಲ್ಲಿ ಎಂದು ಕೇಳಿ, ಇಲ್ಲದವರನ್ನು ಕ್ವಾರಂಟೈನಿಗೆ ಹಾಕಿದರು. ನಿಯಮ ನಿಯಮವೇ ಸರಿ. ಯುದ್ಧದಿಂದ ಓಡುವಾಗ ಚೀಟಿ ಮರೆಯಬಾರದು.

ಮೇ 7ರಂದು ಶಿವಮೊಗ್ಗಕ್ಕೆ ಬಂದ ಪ್ರಧಾನಿಯವರು ಹೀಗೆ ಮರಳಿದ ಹಕ್ಕಿಪಿಕ್ಕಿಗಳನ್ನು ಭೇಟಿಯಾದರು. ಮತದಾನ 10ಕ್ಕೆ ಇತ್ತು. 11ರಿಂದ ಅವರನ್ನು ಯಾರೂ ಕೇಳಲಿಲ್ಲ. ಎಣ್ಣೆಯ ದಾಸ್ತಾನು ಸುಡಾನಿನಲ್ಲೇ ಉಳಿದಿತ್ತು, ಸಾಲ ಇಲ್ಲೇ ಇತ್ತು. ಇನ್ನೊಂದು ದೇಶ ನೋಡಿಕೊಳ್ಳದೆ ಮಾಡುವುದೇನು? ಇವರಿಗೆ ಪ್ರವಾಸದಿಂದ ಏನು ಕಲಿತಿರಿ ಎಂದು ಮೈಕು ಹಿಡಿದು ಕೇಳಿದರೆ ಎಂಥ ಉತ್ತರ ಬರುತ್ತದೋ. ಹಿಡಿಯುವುದಿಲ್ಲ, ಬಿಡಿ.

ಮೈಕು ಹುಡುಗನಿಗೆ ಸಿಗಲಿದೆ. ಬೆಂಚು ಎಷ್ಟೇ ನಕ್ಕರೂ ಊರಿನ ಸಂಘದವರು ನವೆಂಬರಿನ ರಾಜ್ಯೋತ್ಸವಕ್ಕೆ ಅವನನ್ನು 'ವಿಶ್ವಪರ್ಯಟಕ' ಎಂದು ಸನ್ಮಾನಿಸಲು ತೀರ್ಮಾನಿಸಿದ್ದಾರೆ. ಮೈಸೂರು ಪೇಟ, ಶಾಲು, ಫಲತಾಂಬೂಲ, 'ಕಡಿಮೆ ಖರ್ಚಿನಲ್ಲಿ ಜಗತ್ತು' ಎಂಬ ವಿಷಯವಾಗಿ ಅರ್ಧ ಗಂಟೆ ಭಾಷಣ. ಸಭೆಯಲ್ಲಿ ಒಬ್ಬ ಮೇಷ್ಟ್ರು ಎದ್ದು, ಕಡಿಮೆ ಖರ್ಚಿನ ಮಾತಾದರೆ ಪಕ್ಷಿರಾಜಪುರದಿಂದ ಒಬ್ಬ ಹೆಣ್ಣುಮಗಳನ್ನು ಕರೆಸೋಣ, ಅವರಲ್ಲಿ ಇವನಿಗಿಂತ ಹೆಚ್ಚು ದೇಶ ಕಂಡವರಿದ್ದಾರೆ ಎಂದರು. ಖಜಾಂಚಿಗೆ ಸಿಟ್ಟು ಬಂತು.

"ಅವ್ರು ಯಾಪಾರಕ್ಕೆ ಹೋಗದು ಮೇಷ್ಟ್ರೇ. ದೇಶ ನೋಡಕ್ಕಲ್ಲ."

ಸಭೆ ಒಪ್ಪಿ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ಮಾತ್ರ ಮೇಷ್ಟ್ರನ್ನು ಮೆಲ್ಲಗೆ ಪಕ್ಕಕ್ಕೆ ಕರೆದು, ಆ ಕಡೆ ಹೋದರೆ ಒಂದು ಬಾಟ್ಲಿ ಎಣ್ಣೆ ತರಲು ಹೇಳಿದರು. ಕೂದಲೆಲ್ಲ ಹೋಗಿ, ವೇದಿಕೆಯ ಮೇಲೆ ಪೇಟ ಕಣ್ಣಿಗೆ ಜಾರುತ್ತಿದೆಯಂತೆ.