ಎಸಿಯ ಅವಸರ

ಅಥಣಿ, ರಾಯಬಾಗದ ಏಪ್ರಿಲ್ ಬಿಸಿಲಿನಲ್ಲಿ ಎಸಿ ಐದೇ ನಿಮಿಷಕ್ಕೆ ಮುನಿಸಿಕೊಂಡು ನಿಂತರೆ ಮನೆಮಂದಿಯ ಮೊದಲ ಗುಮಾನಿ ಗ್ಯಾಸಿನ ಮೇಲೆ. ಹೆಚ್ಚಿನ ಸಲ ಅಪರಾಧಿ ಧೂಳು: ನಿಪ್ಪಾಣಿಯಲ್ಲಿ ತಂಬಾಕಿನ ಪುಡಿ, ಕಾಗವಾಡದಲ್ಲಿ ಕಬ್ಬಿನ ರವದಿ ಸುಟ್ಟ ಬೂದಿ. ಫಿಲ್ಟರ್ ಜಾಳಿಗೆಯನ್ನು ನಲ್ಲಿಗೆ ಹಿಡಿದರೆ ಅಂಬಲಿಯಂಥ ಬೂದುನೀರು ಇಳಿಯುತ್ತದೆ. ಹೊರಗಿನ ಡಬ್ಬದ ಮುಂದೆ ಒದ್ದೆ ಧೋತರ ಹರವಿದರೆ ಬಿಸಿಗಾಳಿ ಅಲ್ಲೇ ಸುತ್ತಿ ಕಂಪ್ರೆಸರ್ ಕಾದು ನಿಲ್ಲುತ್ತದೆ. ಧೋತರ ಮಾತ್ರ ಚಂದ ಒಣಗುತ್ತದೆ. ಹತ್ತಕ್ಕೆ ಹತ್ತರ ಕೋಣೆಗೆ 2 ಟನ್ ಎಸಿ ತರುವುದು ಬರೀ ದೊಡ್ಡಸ್ತಿಕೆ: ಗಳಿಗೆಯಲ್ಲಿ ತಂಪು, ಥರ್ಮೋಸ್ಟಾಟ್ ಬಂದ್, ಜಿಗುಟು ಸೆಕೆ ಹಾಗೇ. ಪಂಪ್‌ಸೆಟ್ಟುಗಳು ಒಟ್ಟಿಗೆ ಎದ್ದು ವೋಲ್ಟೇಜ್ ಕುಸಿದರೆ ಸ್ಟೆಬಿಲೈಸರ್ ಕರೆಂಟ್ ಕಡಿಯುತ್ತದೆ. ಕರೆಂಟ್ ಬಂದರೂ ಕಂಪ್ರೆಸರ್ ಸುಮಾರು 3 ನಿಮಿಷ ಕಾದೇ ಏಳುವುದು. ಅಷ್ಟರಲ್ಲಿ ರಿಮೋಟ್ ಕುಟ್ಟಿ ಲಾಭವಿಲ್ಲ. ಇಷ್ಟೆಲ್ಲ ನೋಡಿದ ಮೇಲೂ ನಿಂತರೆ ಗ್ಯಾಸ್ ಸೋರಿರಬಹುದು, ಚಿಕ್ಕೋಡಿಯಿಂದ ಮೆಕ್ಯಾನಿಕ್ ಬರಬೇಕು.