ಸುಳ್ಳು ಹೇಳಲಾರದ ಮುಖ ಬೇಕಾಗಿದೆ

ಬೆಂಗಳೂರಿನ ಹೊರ ವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ವರ್ಷಗಟ್ಟಲೆ ಕೋಡ್ ಕುಟ್ಟಿದ ಎಂಜಿನಿಯರುಗಳಿಗೆ ಹೊಸದೊಂದು ಮೋಕ್ಷಮಾರ್ಗ ಕಂಡಿದೆ. ಹೆಸರು ಪ್ರೀಸೇಲ್ಸ್: ಮಾರಾಟಗಾರನ ಜೊತೆ ಹೋಗಿ ಗಿರಾಕಿಗೆ ಸಾಫ್ಟ್‌ವೇರಿನ ಡೆಮೊ ತೋರಿಸಿ, ತಾಂತ್ರಿಕ ಪ್ರಶ್ನೆಗಳಿಗೆ ಉತ್ತರಿಸುವ ಕೆಲಸ. ವಿಸಿಟಿಂಗ್ ಕಾರ್ಡಿನಲ್ಲಿ ಮಾತ್ರ ‘ಸೊಲ್ಯೂಷನ್ಸ್ ಎಂಜಿನಿಯರ್’ ಎಂದೇ ಅಚ್ಚಾಗಿರುತ್ತದೆ. ಮಗ ಸೇಲ್ಸ್‌ಗೆ ಹೋದ ಎಂದು ತಿಳಿದರೆ ಊರಲ್ಲಿ ಅಪ್ಪ ಊಟ ಬಿಟ್ಟಾರು ನೋಡಿ.

ಈ ಕೆಲಸಕ್ಕೆ ಕಂಪನಿಗೆ ಎಂಜಿನಿಯರೇ ಏಕೆ ಬೇಕು? ಕೋಡ್ ಬರುತ್ತದೆಂದೇನಲ್ಲ. ನಗುನಗುತ್ತಾ ಬರುವ ಮಾರಾಟಗಾರನನ್ನು ಕಂಡರೆ ಬ್ಯಾಂಕಿನ ಐಟಿ ಮುಖ್ಯಸ್ಥ ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಆ ಸಾವಿರವನ್ನೂ ದಲ್ಲಾಳಿಯೇ ಹೇಳಿದರೆ ಮದುವೆ ಕುದುರುವುದಿಲ್ಲ. ಪಕ್ಕದಲ್ಲಿ ದಪ್ಪ ಕನ್ನಡಕದ, ಮಾತು ಕಮ್ಮಿಯ ಸೋದರಮಾವ ಕೂತು ‘ಹೂಂ’ ಅನ್ನಬೇಕು. ಆ ‘ಹೂಂ’ಗೇ ಸಂಬಳ. ನೂರರಲ್ಲಿ 70 ಖಾಯಂ, ಉಳಿದ 30 ವ್ಯಾಪಾರ ಕುದುರಿದರೆ. ಹಿಂದೆ ಕೋಡ್‌ನಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ನಿದ್ದೆಗೆಡುತ್ತಿದ್ದವನ ಆತ್ಮಸಾಕ್ಷಿ ಈ 30ರ ಬಿಸಿಗೆ ಮೆಲ್ಲಗೆ ಮೃದುವಾಗುತ್ತದೆ.

ದೀಕ್ಷೆ ನಡೆಯುವುದು ಆರ್‌ಎಫ್‌ಪಿ ಎಂಬ ಎಕ್ಸೆಲ್ ಹಾಳೆಯ ಮುಂದೆ. ಸಾಫ್ಟ್‌ವೇರಿನಲ್ಲಿ ಏನೇನು ಇರಬೇಕೆಂದು ಗಿರಾಕಿ ಪಟ್ಟಿ ಮಾಡಿ ಕಳಿಸಿದ ನೂರಾರು ಸಾಲು. ಒಂದೊಂದರ ಎದುರಿಗೂ ‘ಇದೆ’, ‘ಭಾಗಶಃ ಇದೆ’, ‘ಇಲ್ಲ’ ಎಂದು ತುಂಬಬೇಕು. ಹೊಸಬ ಪಾಪ, ಇಲ್ಲದ್ದಕ್ಕೆ ‘ಇಲ್ಲ’ ಎಂದೇ ತುಂಬುತ್ತಾನೆ. ಸಂಜೆ ಸೇಲ್ಸ್ ಮ್ಯಾನೇಜರ್ ಕಾಫಿಗೆ ಕರೆಯುತ್ತಾನೆ.

“ಇಲ್ಲ ಅಂತ ಯಾಕ್ರೀ ಬರೆದ್ರಿ?”

“ಇಲ್ಲವಲ್ಲ ಸಾರ್.”

“ಮಾಡೋಕೆ ಆಗಲ್ವಾ?”

“ಆಗತ್ತೆ. ಆರು ತಿಂಗಳು ಬೇಕು.”

“ಮತ್ತೆ! ಅವರು ಸಹಿ ಹಾಕೋಕೇ ಆರು ತಿಂಗಳು ತಗೋತಾರೆ. ಇದೆ ಅಂತ ಬರೀರಿ.”

ರಾತ್ರಿಯೊಳಗೆ ಹಾಳೆ ತುಂಬ ‘ಇದೆ’. ನಂಬಿಕೆ ಬರಲಿ ಅಂತ ಅಲ್ಲಲ್ಲಿ ನಾಲ್ಕೈದು ‘ಭಾಗಶಃ’. ಆ ನಾಲ್ಕೈದನ್ನು ಎಲ್ಲಿಡಬೇಕೆಂದು ಆರಿಸುವುದೇ ಅನುಭವ. ಇಷ್ಟಾದ ಮೇಲೆಯೂ ಗಿರಾಕಿ ಕೆದಕಿದರೆ ‘ರೋಡ್‌ಮ್ಯಾಪ್‌ನಲ್ಲಿದೆ’ ಎನ್ನಬೇಕು. ಯಾವ ವರ್ಷದ ರೋಡ್‌ಮ್ಯಾಪ್ ಎಂದು ಕೇಳುವಷ್ಟು ಪುರುಸೊತ್ತು ಮಾರ್ಚ್ 31ರ ಹೊತ್ತಿಗೆ ಯಾರಿಗೂ ಇರುವುದಿಲ್ಲ. ಬಜೆಟ್ ಮುಗಿಸುವ ಅವಸರ ಅವನಿಗೆ, ಟಾರ್ಗೆಟ್ ಮುಟ್ಟಿಸುವ ಅವಸರ ಇವರಿಗೆ.

ಇದೇನು ನಮ್ಮವರು ಕಂಡುಹಿಡಿದ ವಿದ್ಯೆಯಲ್ಲ. 1979ರಲ್ಲಿ ಒರಾಕಲ್ ತನ್ನ ಮೊಟ್ಟಮೊದಲ ಡೇಟಾಬೇಸನ್ನು ಮಾರುಕಟ್ಟೆಗೆ ಬಿಟ್ಟಾಗ ಅದರ ಹೆಸರೇ ‘ಆವೃತ್ತಿ 2’. ಮೊದಲನೆಯದನ್ನು ಕೊಂಡು ಪೇಚಿಗೆ ಬೀಳುವ ಗಿರಾಕಿ ಎಲ್ಲಿದ್ದಾನೆ? 2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಐಫೋನ್ ಬಿಚ್ಚಿ ತೋರಿಸಿದರಲ್ಲ, ಆ ಫೋನುಗಳಲ್ಲಿ ಸಿಗ್ನಲ್ ಇರಲಿ ಬಿಡಲಿ ಐದೂ ಕಡ್ಡಿ ಕಾಣುವಂತೆ ಮೊದಲೇ ಕೋಡ್ ಬರೆದಿಟ್ಟಿದ್ದರು. ಬರೆದವರು ಸೇಲ್ಸ್‌ನವರಲ್ಲ, ಎಂಜಿನಿಯರುಗಳೇ. ಹಾಗಾಗಿ ಈ ವರ್ಗಾವಣೆಯನ್ನು ಧರ್ಮಾಂತರ ಎಂದು ದೂರುವುದು ಸರಿಯಲ್ಲ. ಮಾಡುತ್ತಿದ್ದುದನ್ನೇ ಇಸ್ತ್ರಿ ಅಂಗಿ ತೊಟ್ಟು ಮಾಡುತ್ತಾರೆ, ಅಷ್ಟೆ.

ಗಿರಾಕಿಯ ಮುಖ ನೋಡಿ ‘ಇಲ್ಲ’ ಎಂದು ಹೇಳಿ ವಿಶ್ವಾಸ ಗಳಿಸಿದವರೂ ಇದ್ದಾರೆ, ಸುಳ್ಳಲ್ಲ. ಟ್ರೈನಿಂಗ್ ಸ್ಲೈಡುಗಳಲ್ಲಿ ಅವರನ್ನು ಹೊಗಳುತ್ತಾರೆ. ಬಡ್ತಿ ಬೇರೆಯವರಿಗೆ ಹೋಗುತ್ತದೆ.

ಇನ್ನೂ ಡೆಮೊ ಕೈಕೊಟ್ಟೀತು ಎಂದು ಹೆದರಿ ಹಿಂದೆ ನಿಂತವರಿಗೊಂದು ಧೈರ್ಯದ ಮಾತು. 1998ರ ಏಪ್ರಿಲ್‌ನಲ್ಲಿ ಷಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ, ಬಿಲ್ ಗೇಟ್ಸ್ ಪಕ್ಕದಲ್ಲೇ ನಿಂತಿರುವಾಗ, ಕ್ರಿಸ್ ಕಪೊಸೆಲ ಎಂಬ ಮೈಕ್ರೋಸಾಫ್ಟ್ ನೌಕರ ವಿಂಡೋಸ್ 98ಕ್ಕೆ ಸ್ಕ್ಯಾನರ್ ಸಿಕ್ಕಿಸಿದರು. ವಿಂಡೋಸ್ ಅಲ್ಲೇ ಕುಸಿದು ದೊಡ್ಡ ಪರದೆಯ ತುಂಬ ನೀಲಿ ಬಣ್ಣ, ಸಭೆಯ ತುಂಬ ನಗೆ. ಮುಂದೆ ಅವರು ಅದೇ ಕಂಪನಿಯ ಮಾರ್ಕೆಟಿಂಗ್ ಮುಖ್ಯಸ್ಥರಾದರು. ಆ ನೀಲಿ ಪರದೆಗೆ ಕಾರಣವಾದ ಕೋಡ್ ಬರೆದವನ ಹೆಸರನ್ನು ಮಾತ್ರ ಯಾರೂ ಕೇಳಿಲ್ಲ.