ಇಪ್ಪತ್ತು ಸೆಂಟಿನ ಮರ್ಯಾದೆ

ಅಮೆರಿಕದಲ್ಲಿ ಎಸ್ಸೆಮ್ಮೆಸ್ ಕಳಿಸಿದವನ ಜೊತೆಗೆ, ಅದು ಯಾರಿಗೆ ತಲುಪಿತೋ ಅವನೂ ದುಡ್ಡು ಕಟ್ಟಬೇಕಾಗಿದ್ದ ಕಾಲವೊಂದಿತ್ತು. ಓದಿದರೂ ಅಷ್ಟೇ, ಓದದೆ ಅಳಿಸಿದರೂ ಅಷ್ಟೇ, ತಿಂಗಳ ಕೊನೆಗೆ ಬಿಲ್ಲಿನಲ್ಲಿ ಸಾಲಾಗಿ ಬಂದು ಕೂತಿರುತ್ತಿತ್ತು. ಮೈಸೂರಿನ ಕುವೆಂಪುನಗರದಲ್ಲಿರುವ ನಮ್ಮ ತಂದೆ ಇದನ್ನು ನಂಬಲೇ ಇಲ್ಲ. “ಕಾಗದ ಬರೆದೋನು ಸ್ಟಾಂಪು ಹಚ್ತಾನೆ. ನಿಮ್ಮೂರಲ್ಲಿ ಇಸ್ಕೊಳ್ಳೋನೂ ಪೋಸ್ಟ್‌ಮ್ಯಾನ್ ಕೈಗೆ ಕಾಸು ಹಾಕಬೇಕೇನೋ?”

ಹಾಕಬೇಕಿತ್ತು. 2005ರ ಹೊತ್ತಿಗೆ ಬಿಡಿ ಮೆಸೇಜಿಗೆ 10 ಸೆಂಟು ಇದ್ದದ್ದು 2008ರಲ್ಲಿ 20 ಸೆಂಟಾಯಿತು. ನಾಲ್ಕು ದೊಡ್ಡ ಕಂಪನಿಗಳಲ್ಲೂ ಅದೇ ದರ. ಇದು ಹೇಗಪ್ಪಾ ಎಲ್ಲರಲ್ಲೂ ಒಂದೇ ಸಮ ಏರಿತು ಎಂದು ವಿಸ್ಕಾನ್ಸಿನ್‌ನ ಸೆನೆಟರ್ ಹರ್ಬ್ ಕೋಲ್ ಆ ವರ್ಷ ಕಂಪನಿಗಳಿಗೆ ಕಾಗದ ಬರೆದು ಕೇಳಿದರು. (ಕಾಗದವನ್ನೇ ಬರೆದರು, ಎಸ್ಸೆಮ್ಮೆಸ್ ಮಾಡಲಿಲ್ಲ. ಬುದ್ಧಿವಂತರು.) ಮರುವರ್ಷ ಸೆನೆಟ್ ಸಮಿತಿಯ ಮುಂದೆ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಪ್ರೊಫೆಸರ್ ಕೇಶವ್ ಎಂಬವರು ಬಂದು, ಒಂದು ಮೆಸೇಜ್ ಸಾಗಿಸಲು ಕಂಪನಿಗೆ ಅರ್ಧ ಸೆಂಟೂ ಬೀಳುವುದಿಲ್ಲ ಎಂದು ಲೆಕ್ಕ ಒಪ್ಪಿಸಿದರು. ಬೀಳುವುದಾದರೂ ಹೇಗೆ? ಮೊಬೈಲು ‘ಇಲ್ಲೇ ಇದ್ದೀನಿ’ ಎಂದು ಟವರಿಗೆ ಆಗಾಗ ವರದಿ ಕೊಡುತ್ತಲೇ ಇರುತ್ತದೆ. ಅದೇ ಹಾದಿಯಲ್ಲಿ 140 ಬೈಟಿನ ಪುಟ್ಟ ಗಂಟೊಂದು ಜೊತೆಗೆ ಹೋಗುತ್ತದೆ, ಅಷ್ಟೆ.

ಆದರೂ ನಾನು ಆ 20 ಸೆಂಟನ್ನು ಬಯ್ಯಲಾರೆ. ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿರುವ ನಮ್ಮ ಮನೆಯ ದಾಂಪತ್ಯ ಅದರ ನೆರಳಲ್ಲಿ ಬಹಳ ಚೆನ್ನಾಗಿತ್ತು. ಹೆಂಡತಿ “ಹಾಲು” ಎಂದು ಕಳಿಸುತ್ತಿದ್ದಳು. ನಾನು ಉತ್ತರ ಕೊಡುತ್ತಿರಲಿಲ್ಲ, ಹಾಲು ತರುತ್ತಿದ್ದೆ. ‘ಓಕೆ’ ಎನ್ನಲು ನನಗೆ 20, ಅದನ್ನು ಓದಲು ಅವಳಿಗೆ 20, ಒಟ್ಟು 40 ಸೆಂಟು ಕೊಟ್ಟು ಓಕೆ ಅನ್ನುವಷ್ಟು ಓಕೆಯಾದ ವಿಷಯ ನಮ್ಮ ಸಂಸಾರದಲ್ಲಿ ಇರಲಿಲ್ಲ. ಆಫೀಸಿನಿಂದ ಹೊರಟಾಗ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಿದ್ದೆ. ಎರಡು ರಿಂಗ್ ಬಂದರೆ ಟ್ರಾಫಿಕ್ ಜಾಮ್, ಅನ್ನಕ್ಕೆ ಆಮೇಲಿಡು ಎಂದರ್ಥ.

ತಿಂಗಳಿಗೆ 20 ಡಾಲರ್ ಕೊಟ್ಟರೆ ಎಷ್ಟು ಬೇಕಾದರೂ ಮೆಸೇಜ್ ಮಾಡಬಹುದಾದ ಪ್ಲಾನ್ ಇತ್ತು, ನಿಜ. ಅದನ್ನು ತೆಗೆದುಕೊಂಡ ಕನ್ನಡಿಗರನ್ನು ಕಂಡರೆ ನಮಗೆ ಗೌರವವೂ ಅನುಮಾನವೂ ಒಟ್ಟಿಗೇ ಬರುತ್ತಿದ್ದವು. ಉಳಿದವರಲ್ಲಿ ಒಬ್ಬ ಗೆಳೆಯನಿದ್ದ. 160 ಅಕ್ಷರಕ್ಕೆ ಕೊಟ್ಟ ಕಾಸಿನಲ್ಲಿ ಒಂದಕ್ಷರವೂ ದಂಡವಾಗಬಾರದು ಎಂದು ಮಗನ ಹುಟ್ಟುಹಬ್ಬದ ಕರೆಯೋಲೆ, ಪಾಟ್‌ಲಕ್ಕಿಗೆ ನಾವು ಪುಳಿಯೋಗರೆ ತರಬೇಕೆನ್ನುವುದು, ತನ್ನ ಹಳೆಯ ಸೋಫಾ ಮಾರಾಟಕ್ಕಿದೆ ಎನ್ನುವುದು, ಮೂರನ್ನೂ ಸ್ವರಗಳೇ ಇಲ್ಲದ ಇಂಗ್ಲಿಷ್ ಅಕ್ಷರದಲ್ಲಿ ತುರುಕಿ ಕಳಿಸುತ್ತಿದ್ದ. ಒಮ್ಮೆ ನಾವು ಸೋಫಾ ನೋಡಲು ಹೋಗಿ ಹುಟ್ಟುಹಬ್ಬ ಮುಗಿಸಿಕೊಂಡು ಬಂದೆವು.

ಕನ್ನಡ ಲಿಪಿಯಲ್ಲೇ ಕಳಿಸಬೇಕೆಂಬ ಅಭಿಮಾನಿಗಳಿಗೆ ಇನ್ನೊಂದು ಶಿಕ್ಷೆ ಕಾದಿತ್ತು. ಯೂನಿಕೋಡ್ ಮೆಸೇಜಿನಲ್ಲಿ 160 ಅಲ್ಲ, ಹಿಡಿಸುವುದು 70. ಒತ್ತು, ಕೊಂಬು, ಗುಡಿಸು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಎರಡಕ್ಷರದ ಲಕ್ಷ್ಮಿ ಫೋನಿನ ಪಾಲಿಗೆ ಏಳಕ್ಷರದ ದೇವತೆ. ವರಮಹಾಲಕ್ಷ್ಮಿ ಹಬ್ಬದ ಶುಭಾಶಯವನ್ನು ತುಸು ವಿಸ್ತಾರವಾಗಿ ಬರೆದರೆ ಮೆಸೇಜು ಎರಡಾಗಿ, ಲಕ್ಷ್ಮಿ ಬರುವ ಮೊದಲೇ ಲಕ್ಷ್ಮಿ ಹೊರಡುತ್ತಿದ್ದಳು. ಇಷ್ಟು ಕಷ್ಟಪಟ್ಟು ಕಳಿಸಿದ್ದೂ ಆ ಕಡೆಯ ಫೋನಿನಲ್ಲಿ ಬಹಳ ಸಲ ಬರೀ ಚೌಕಗಳಾಗಿ ಕಾಣುತ್ತಿತ್ತು.

ಊರಿನ ಕಡೆಯ ಜಿಪುಣತನದ ಗತ್ತೇ ಬೇರೆ. ಅಲ್ಲಿ ಎಸ್ಸೆಮ್ಮೆಸ್ ಪ್ಯಾಕುಗಳು ಅಗ್ಗ. ಆದರೆ ದೀಪಾವಳಿ, ಹೊಸ ವರ್ಷದಂಥ ದಿನಗಳನ್ನು ಕಂಪನಿಗಳು ‘ಬ್ಲ್ಯಾಕ್‌ಔಟ್ ಡೇ’ ಎಂದು ಗುರುತು ಮಾಡಿ, ಅಂದು ಪ್ಯಾಕು ನಡೆಯುವುದಿಲ್ಲ, ಪೂರ್ತಿ ದರ ಕೊಡಿ ಎನ್ನುತ್ತಿದ್ದವು. ಅದಕ್ಕೇ ಮಲ್ಲೇಶ್ವರದ ನಮ್ಮ ಸೋದರತ್ತೆ ಹಬ್ಬದ ಹಿಂದಿನ ದಿನವೇ ಎಲ್ಲರಿಗೂ ಶುಭ ಕೋರಿ ಮುಗಿಸುತ್ತಿದ್ದರು. ಅಷ್ಟರ ಮೇಲೆ ಕ್ಯಾಲಿಫೋರ್ನಿಯಾದ ಗಡಿಯಾರ ಅರ್ಧ ದಿನಕ್ಕಿಂತ ಹೆಚ್ಚು ಹಿಂದೆ. ನಾವು ಎಣ್ಣೆಸ್ನಾನದ ಯೋಚನೆಯನ್ನೇ ಮಾಡಿರುತ್ತಿರಲಿಲ್ಲ, ಅತ್ತೆ ಆಗಲೇ ನಮ್ಮ ಬಾಳು ಬೆಳಗಿರುತ್ತಿದ್ದರು.

ಆಮೇಲೆ ಪುಕ್ಕಟೆ ಆ್ಯಪುಗಳು ಬಂದವು. 2009ರಲ್ಲಿ ಗೂಗಲ್ ವಾಯ್ಸ್ ಬಂದು, ಅಮೆರಿಕದೊಳಗೆ ಮೆಸೇಜು ಬಿಟ್ಟಿ ಎಂದಿತು. ನಮ್ಮ ಕನ್ನಡ ಕೂಟದ ಅರ್ಧ ಜನ ಹೊಸ ನಂಬರ್ ತೆಗೆದುಕೊಂಡು, ಯಾವ ನಂಬರ್ ಯಾರದೆಂದು ತಿಳಿಯದೆ ಯುಗಾದಿ ಕಾರ್ಯಕ್ರಮವೇ ಅಲ್ಲೋಲಕಲ್ಲೋಲವಾಯಿತು. ಅದೇ ವರ್ಷ ಜಾನ್ ಕೂಮ್, ಬ್ರಯಾನ್ ಆಕ್ಟನ್ ಇಬ್ಬರೂ ಸೇರಿ ವಾಟ್ಸಾಪ್ ಶುರುಮಾಡಿದರು. ಆದರೆ ಅದಕ್ಕೆ ವರ್ಷಕ್ಕೆ 99 ಸೆಂಟು ಎಂಬ ಷರತ್ತೊಂದು ಅಂಟಿತ್ತು. ಐದು ಎಸ್ಸೆಮ್ಮೆಸ್ಸಿಗಿಂತ ಒಂದು ಸೆಂಟು ಕಮ್ಮಿ! ಎರಡೆರಡು ಮನೆ ಇರುವ ಸಾಫ್ಟ್‌ವೇರ್ ಎಂಜಿನಿಯರುಗಳು ಈ 99 ಸೆಂಟನ್ನು ತಪ್ಪಿಸುವುದು ಹೇಗೆಂದು ದೇವಸ್ಥಾನದ ಊಟದ ಸಾಲಿನಲ್ಲಿ ಗಹನವಾಗಿ ಚರ್ಚಿಸುತ್ತಿದ್ದರು. ಹಲವರ ಫೋನಿನಲ್ಲಿ ಗಡುವು ಹತ್ತಿರ ಬಂದಾಗ ಅದು ತಾನಾಗಿಯೇ ಮುಂದಕ್ಕೆ ಹೋಗುತ್ತಿತ್ತು. ಅಂಥವರು ಇದು ತಮ್ಮ ಜಾಣತನವೆಂದೇ ತಿಳಿದಿದ್ದರು. 2014ರಲ್ಲಿ ಫೇಸ್‌ಬುಕ್ ಆ ಕಂಪನಿಯನ್ನು ಸುಮಾರು 1,900 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿತು, 2016ರ ಜನವರಿಯಲ್ಲಿ ವಾಟ್ಸಾಪ್ ವರ್ಷದ ಶುಲ್ಕವನ್ನೇ ಕೈಬಿಟ್ಟಿತು. ಆದರೂ ತಿಪಟೂರಿನ ದೊಡ್ಡಪ್ಪ ಈಗಲೂ ವರ್ಷಕ್ಕೊಮ್ಮೆ “ಶನಿವಾರದಿಂದ ವಾಟ್ಸಾಪಿಗೆ ದುಡ್ಡು, ಇದನ್ನು ಹತ್ತು ಜನಕ್ಕೆ ಕಳಿಸಿ” ಎಂಬುದನ್ನು ತಪ್ಪದೆ ಕಳಿಸುತ್ತಾರೆ.

ಬಿಟ್ಟಿ ಆದದ್ದೇ ತಡ, ‘ನಮ್ಮ ಕುಟುಂಬ’ ಎಂಬ ಗ್ರೂಪು ಹುಟ್ಟಿತು. ಹಬ್ಬದ ಹಿಂದಿನ ದಿನ ಒಂದೇ ಒಂದು ಸಾಲು ಕಳಿಸುತ್ತಿದ್ದ ಸೋದರತ್ತೆ ಈಗ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಮೇಲೆ ಸುಭಾಷಿತ, ಮಧ್ಯಾಹ್ನ ಮೆಂತ್ಯದ ಉಪಯೋಗ, ಸಂಜೆ ಹನ್ನೆರಡು ನಿಮಿಷದ ಪ್ರವಚನ. ಹೆಂಡತಿಯ “ಹಾಲು” ಬೆಳೆದು ಹಾಲಿನ ಫೋಟೋ, ಯಾವ ಬಣ್ಣದ ಮುಚ್ಚಳದ್ದು ಎನ್ನುವ ವಾಯ್ಸ್ ಮೆಸೇಜು, ಕಳೆದ ಸಲ ತಂದದ್ದರ ವಿಮರ್ಶೆ ಇಷ್ಟೂ ಆಗಿದೆ. ಉತ್ತರ ಕೊಡದಿರಲು ಮೊದಲು ಕಾರಣವಿತ್ತು: ದುಡ್ಡು. ಈಗ ಓದಿದ ತಕ್ಷಣ ನೀಲಿ ಗುರುತು ಬೀಳುತ್ತದೆ. ಅದನ್ನು ಸೆಟ್ಟಿಂಗಿನಲ್ಲಿ ಆರಿಸಬಹುದು, ಆದರೆ ಗ್ರೂಪುಗಳಲ್ಲಿ ಆ ಉಪಾಯ ನಡೆಯುವುದಿಲ್ಲ. ಯಾರು ಓದಿದರು, ಎಷ್ಟು ಗಂಟೆಗೆ ಓದಿದರು ಎಂಬ ಪಟ್ಟಿ ತೆಗೆಯುವುದನ್ನು ಅತ್ತೆಗೆ ಯಾರೋ ಮೊಮ್ಮಗ ಕಲಿಸಿಕೊಟ್ಟಿದ್ದಾನೆ. 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆಗೆ ಫಾರ್ವರ್ಡ್ ಎಂಬ ಮಿತಿ ಬಂದಾಗ ನಾವು ನಿಟ್ಟುಸಿರು ಬಿಟ್ಟಿದ್ದೆವು. ಅತ್ತೆ ಐದೈದರಂತೆ ಕಂತು ಮಾಡಿಕೊಂಡರು.

ಇಷ್ಟೆಲ್ಲ ತಪ್ಪಿಸಿಕೊಂಡ ಮೇಲೂ ಎಸ್ಸೆಮ್ಮೆಸ್ ನಮ್ಮನ್ನು ಬಿಟ್ಟಿಲ್ಲ. ಊರಿನ ನನ್ನ ಬ್ಯಾಂಕಿನ ಒಟಿಪಿ ಊರಿನ ನಂಬರಿಗೇ ಬರುತ್ತದೆ. ಅದಕ್ಕಾಗಿ ಒಂದು ಸಿಮ್ ಅಪ್ಪನ ಹಳೆಯ ಫೋನಿನಲ್ಲಿ ವಾಸವಾಗಿದೆ. ಅದರ ಜೀವ ಹಿಡಿದಿಡಲು ನಾನು ಸನಿವೇಲಿನಿಂದ ರೀಚಾರ್ಜ್ ಮಾಡಿಸುತ್ತಿರುತ್ತೇನೆ. ಮೊನ್ನೆ ಡೆಪಾಸಿಟ್ ನವೀಕರಿಸಲು ಕೂತಾಗ ಇಲ್ಲಿ ರಾತ್ರಿ ಹನ್ನೊಂದು, ಅಲ್ಲಿ ಬೆಳಿಗ್ಗೆ ಹನ್ನೊಂದೂವರೆ. ವಾಟ್ಸಾಪಿನಲ್ಲಿ ಅಪ್ಪನಿಗೆ ಫೋನ್ ಮಾಡಿದೆ.

“ಅಪ್ಪಾ, ಒಂದು ಮೆಸೇಜ್ ಬಂದಿರತ್ತೆ, ನಂಬರ್ ಓದಿ.”

“ಕನ್ನಡಕ ಹಾಕ್ಕೋತೀನಿ ಇರು... ಹೂಂ, ಬಂದಿದೆ. ಆದ್ರೆ ಯಾರಿಗೂ ಹೇಳಬೇಡಿ ಅಂತ ಬರೆದಿದ್ದಾರಲ್ಲೋ.”

“ನಾನು ನಿಮ್ಮ ಮಗ ಅಪ್ಪಾ!”

“ಅಯ್ಯೋ, ಬ್ಯಾಂಕಿನೋರಿಗೇ ಹೇಳಬೇಡಿ ಅಂದಿದ್ದಾರೆ. ಅಂಥಾದ್ರಲ್ಲಿ...”

ಹಿಂದಿನಿಂದ ಅಮ್ಮನ ದನಿ: “ಕೊಡ್ರೀ ಇಲ್ಲಿ, ಪಾಪ ಮಗು ನಿದ್ದೆಗೆಟ್ಟು ಕೂತಿದೆ. ನಾನು ಫೋಟೋ ತೆಗೆದು ಕಳಿಸ್ತೀನಿ.”

ಫೋಟೋ ಬಂತು. ನನಗಲ್ಲ, ‘ನಮ್ಮ ಕುಟುಂಬ’ಕ್ಕೆ. ನಾನು ಗ್ರೂಪು ತೆರೆಯುವಷ್ಟರಲ್ಲಿ ಸೋದರತ್ತೆ ಕೈಮುಗಿದಿದ್ದರು, ದೊಡ್ಡಪ್ಪ “ಶುಭದಿನ” ಎಂದಿದ್ದರು, ಮೆಲ್ಬರ್ನಿನಲ್ಲಿರುವ ಭಾವಮೈದ “ಭಾವಾ, ಎಷ್ಟು ಪರ್ಸೆಂಟ್ ಕೊಡ್ತಾರೆ?” ಎಂದು ಕೇಳಿದ್ದ. ಒಟಿಪಿಯ ಅವಧಿ ಮುಗಿದಿತ್ತು.